ಫಕೀರವ್ವನ ಚಾಪೆ

ಗುಡ್ಡದ ಮೇಲೆ ಒಂದೇ ಮನೆ, ಅದರಲ್ಲಿ ಫಕೀರವ್ವ ಒಬ್ಬಳೇ. ವಿಧಾನಸಭಾ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಎಳೆದಾಗ ಗೆರೆ ಆ ಮನೆಯ ನಟ್ಟನಡುವೆ ಹಾದುಹೋಯಿತು. ಅಡುಗೆಮನೆ ಒಂದು ಕ್ಷೇತ್ರಕ್ಕೆ, ಪಡಸಾಲೆ ಇನ್ನೊಂದಕ್ಕೆ.

ಗಡಿ ಎಳೆದ ಸಾಹೇಬರು ಏದುಸಿರು ಬಿಡುತ್ತ ಹತ್ತಿಬಂದು ಗದರಿದರು: "ಸರ್ಕಾರದ ಗೆರೆ, ಅಳಸಾಕ ಬರೂದಿಲ್ಲ. ನೀ ಮಲಗೋ ಕಡೆ ನಿನ್ನ ಓಟು. ಎಲ್ಲಿ ಮಲಗ್ತಿ? ಈಗಲೇ ಹೇಳು!"

"ಚಾಪಿ ಸುತ್ತಿಟ್ಟೀನ್ರಿ. ಆ ಕಡೆ ಚುನಾವಣೆಗೆ ನಿಂತಾಂವ, ಈ ಕಡೆ ನಿಂತಾಂವ, ಇಬ್ಬರೂ ಬಂದು ನನ್ನ ಮಾತಾಡಿಸಲಿ. ಆಮ್ಯಾಲ ಹಾಸ್ತೀನಿ."

ಸಾಹೇಬರಿಗೆ ರೇಗಿತು. "ಅಲ್ಲೀತನಕ ನಾ ಎಷ್ಟು ಸಲ ಈ ಗುಡ್ಡ ಹತ್ತಬೇಕು?"

ಫಕೀರವ್ವ ಗೂಡಿನಲ್ಲಿದ್ದ ಎರಡನೆಯ ಚಹಾ ಬಟ್ಟಲು ಇಳಿಸಿ ಅದರ ಧೂಳು ಒರೆಸಿದಳು.

"ಇಬ್ಬರು ಬರ್ತಾರ ಅಂದ್ಕೊಂಡಿದ್ದೆ. ನಿಮ್ಮನ್ನ ಹಿಡದು ಮೂವರಾದ್ರು ನೋಡ್ರಿ."