ಬಾವಿನ ಬಳಿ ಕೂತ ಸಕ್ರೆವ್ವ

ನನ್ನ ಅಜ್ಜಿಯ ಅಜ್ಜಿಗೂ ಇದು ಹಳೆಯ ಮಾತು. ಬಂಡೆಹಾಳ ಅಂತ ಒಂದು ಊರು, ಊರ ತುಂಬ ಕಲ್ಲು ಕಡೆಯುವವರು. ಅಲ್ಲಿ ಸಕ್ರೆವ್ವ ಅಂತ ಒಬ್ಬಾಕೆ ಇದ್ದಳಂತೆ.

ಆ ಊರವರದು ಒಂದು ಹುಚ್ಚು ರೂಢಿ. ಕಾಸಿದ ಉಳಿಯನ್ನು ನೀರಿಗೆ ಅದ್ದುತ್ತಾರಲ್ಲ, ಹಾಗೇ ಗಾಯ ಬಿಸಿಯೇರಿದರೆ ಗಣಿಯ ಹೊಂಡಕ್ಕೆ ಅದ್ದುವುದು. ಅದೋ ಎಮ್ಮೆ ಹೊರಳುವ ಹೊಂಡ. ಸಕ್ರೆವ್ವನ ಗಂಡ ದುರ್ಗಪ್ಪನ ಅಂಗೈಗೆ ಕಲ್ಲಿನ ಚಕ್ಕೆ ನಟ್ಟು ಬಾತಾಗ, ಆಕೆಯೇ ಅವನ ಕೈ ಹಿಡಿದು ಮೂರು ದಿನ ಅದ್ದಿದಳಂತೆ. ನಾಲ್ಕನೆಯ ದಿನ ಅವನು ತೀರಿಕೊಂಡ.

ಆಮೇಲೆ ಆಕೆ ಗಾಯಗಳನ್ನೇ ನೋಡುತ್ತ ಕೂತಳಂತೆ. ನಾಯಿಯ ಗಾಯ, ಎತ್ತಿನ ಗಾಯ, ತನ್ನದೇ ಮೊಣಕಾಲಿನ ಗಾಯ. ಮೊದಲು ಕೆಂಪು, ಆಮೇಲೆ ಬಿಸಿ, ಆಮೇಲೆ ಬಾವು, ಕಡೆಗೆ ಕೀವು. ಹೊಂಡದ ನೀರು ಸೋಕದಿದ್ದರೆ ಹೆಚ್ಚಿನವು ತಾವಾಗಿ ಮಾಯುತ್ತಿದ್ದವು.

ಒಮ್ಮೆ ಹುಲಗಪ್ಪ ಅನ್ನುವ ಕಲ್ಲುಕುಟಿಗನ ಕಾಲಿಗೆ ಚಕ್ಕೆ ನಟ್ಟು ಬಾತು, ಮಂದಿ ಅವನನ್ನು ಹೊಂಡಕ್ಕೆ ಹೊತ್ತು ನಡೆದರಂತೆ. ಸಕ್ರೆವ್ವ ಅಡ್ಡ ನಿಂತಳು. "ಗಾಯದಾಗ ಕಳ್ಳ ಹೊಕ್ಕಾನ, ಮೈಯೊಳಗಿನ ಮಂದಿ ಎದ್ದಾರ. ಆ ಬೆಂಕಿ ಅವರ ಹಚ್ಚಿದ್ದು. ಹೊಡದಾಡ್ಲಿ ಬಿಡ್ರಿ" ಅಂದಳಂತೆ. ಚಕ್ಕೆ ಕಿತ್ತು, ಕುದಿಸಿ ಆರಿಸಿದ ನೀರಲ್ಲಿ ತೊಳೆದು, ಪಕ್ಕದಲ್ಲೇ ಕೂತಳು. ಕೀವು ಬಂದಾಗ ಎಲ್ಲರೂ ಮೂಗು ಮುಚ್ಚಿಕೊಂಡರು. ಕಾದಾಡಿ ಸತ್ತ ನಮ್ಮವರೇ ಇವರು, ತಿಪ್ಪೆಗೆ ಎಸೆಯಬಾರದು ಅಂತ ಆಕೆ ಕೀವು ಒರೆಸಿದ ಬಟ್ಟೆಯನ್ನು ಮಣ್ಣು ಮಾಡಿದಳಂತೆ. ವಾರದಲ್ಲಿ ಹುಲಗಪ್ಪ ಎದ್ದು ನಡೆದ. ಗಾಯಕ್ಕೆ ಕಿವಿಯಿಟ್ಟರೆ ಆಕೆಗೆ ಒಳಗಿನ ದಂಡಿನ ಸಪ್ಪಳ ಕೇಳುತ್ತಿತ್ತು ಅನ್ನುತ್ತಾರೆ. ನಾನು ನಂಬುವುದಿಲ್ಲ, ನನ್ನ ಅಜ್ಜಿ ನಂಬಿದ್ದಳು.

ಗಾಯವಾದರೆ ಊರವರು ಆಕೆಯ ಬಳಿ ಬರುತ್ತಿದ್ದರು, ಮಾಯ್ದ ಮೇಲೆ ಯಾರೂ ಇಲ್ಲ. ಕೀವು ಮುಟ್ಟಿದ ಕೈ ಅಂತ ಆಕೆ ಕೊಟ್ಟ ನೀರೂ ಕುಡಿಯುತ್ತಿರಲಿಲ್ಲವಂತೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು, ಅಲ್ಲವೇ?

ಒಂದು ಬೇಸಿಗೆ ಆಕೆಯ ಹಿಮ್ಮಡಿಗೇ ಮುಳ್ಳು ನಟ್ಟು ಕಾಲು ಬಾತಿತಂತೆ. ಜ್ವರ ಏರಿತು. ಎಲ್ಲರ ಗಾಯ ಬಲ್ಲವಳಿಗೆ ನಾವೇನು ಮಾಡೋದು ಅಂತ ಊರವರು ತಮ್ಮ ಪಾಡಿಗೆ ಇದ್ದರು. ನಾಲ್ಕು ದಿನದ ಮೇಲೆ ಹುಲಗಪ್ಪ ಹೋಗಿ ನೋಡಿದರೆ ಬಾವು ಇಳಿದಿತ್ತು, ಕೀವು ಒಡೆದು ಗಾಯ ಶುದ್ಧವಾಗಿತ್ತು. ಆಕೆಯ ಜೀವ ಮಾತ್ರ ಹೋಗಿತ್ತು. ಕೊಡ ಒಣಗಿತ್ತು, ಆಕೆಯ ಕೈ ಕೊಡದ ಕಡೆಗೇ ಚಾಚಿತ್ತು.

ಇವತ್ತಿಗೂ ಬಂಡೆಹಾಳದಲ್ಲಿ ಯಾರಿಗೇ ಬಾವು ಬರಲಿ, ಜ್ವರ ಬಿಡುವ ತನಕ ನೆರೆಮನೆಯವರೊಬ್ಬರು ತಂಬಿಗೆ ನೀರು ಹಿಡಿದು ಪಕ್ಕದಲ್ಲಿ ಕೂರುತ್ತಾರೆ. ಯಾಕೆ ಅಂತ ಕೇಳಿದರೆ, ಆವತ್ತು ನಾವು ಹೋಗಲಿಲ್ಲ ಅನ್ನುತ್ತಾರೆ.