ದೊರೆಯ ಚಿನ್ನದ ಮೀಟರು

"ಕೇಳ್ರಪ್ಪೋ ಕೇಳ್ರಿ! ಅರಮನೆಯ ಕರೆಂಟು ಕಾರ್ಖಾನೆಗೆ ತಂತಿ ಪರೀಕ್ಷಿಸೋ ಮಲ್ಟಿಮೀಟರು ಆರಿಸಬೇಕು! ದೊರೆಗಳ ಮೂರು ಒಗಟು ಬಿಡಿಸಿ, ಸರಿಯಾದ ಮೀಟರು ಆರಿಸಿದವರಿಗೆ ಕಾರ್ಖಾನೆಯ ಯಜಮಾನಿಕೆ, ಮೇಲೊಂದು ಕೇಳಿದ ವರ! ತಪ್ಪಿದವರು ಅಂಗಳದ ತಂತಿ ಬರಿಗೈಲಿ ಹಿಡೀಬೇಕು! ಹಿಂದಿನ ಯಜಮಾನ ಮಾದಯ್ಯ ಕುಡಿದು ತಂತಿ ಮುಟ್ಟಿ ಸತ್ತದ್ದು ನೆನಪಿರಲಿ!"

ಡಂಗುರದ ಕೊನೆಯ ಮಾತಿಗೆ ಕೆಂಚಮ್ಮ ಕೈಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟಳು. ಮಾದಯ್ಯ ಅವಳ ಒಡಹುಟ್ಟಿದ ಅಣ್ಣ. ಹೆಂಡದ ವಾಸನೆ ಬಂದರೆ ಬೀದಿ ಬದಲಿಸುತ್ತಿದ್ದವ. ಸಂತೆಯಲ್ಲಿ ರೇಡಿಯೊ, ಮಿಕ್ಸಿ ರಿಪೇರಿ ಮಾಡುತ್ತಿದ್ದ ಕೆಂಚಮ್ಮ ಅಂಗಡಿ ಮುಚ್ಚಿ ಅರಮನೆಯ ದಾರಿ ಹಿಡಿದಳು. ಯಜಮಾನಿಕೆ ಯಾರಿಗೆ ಬೇಕು? ಆ ಮಾತನ್ನು ಆಡಿದ ಬಾಯಿಯಿಂದಲೇ ವಾಪಸು ಹೇಳಿಸಬೇಕಿತ್ತು.

ಅರಮನೆಯ ಅಂಗಳ ಜಾತ್ರೆಯ ಹಾಗಿತ್ತು. ಜನ ಸಾಯುವುದನ್ನು ನೋಡಲು ಆಸ್ಥಾನದವರು ಕೋಡುಬಳೆ ಕಟ್ಟಿಕೊಂಡು ಬಂದಿದ್ದರು, ಥೂ. ಮೇಜಿನ ಮೇಲೆ ಎರಡು ಮೀಟರು: ಒಂದು ದೊರೆಯೇ ಕೊಂಡು ಕಾರ್ಖಾನೆಗೆ ಕೊಟ್ಟಿದ್ದದ್ದು, ಚಿನ್ನದ ಕವಚ, ಹರಳಿನ ಗುಂಡಿಯದು; ಇನ್ನೊಂದು ಧೂಳು ಹಿಡಿದ ಕರಿ ರಬ್ಬರಿನದು. ಪಕ್ಕದ ಕಂಬದಲ್ಲಿ ಹಗಲಲ್ಲೂ ಒಂದು ದೀಪ ಉರಿಯುತ್ತಿತ್ತು.

ಸಾಹುಕಾರನ ಮಗನೊಬ್ಬ ಮೊದಲು ನಿಂತ. ದೊರೆ ಕೇಳಿದ: "ಬದುಕಿರುವಾಗ ಯಾರ ಕಣ್ಣಿಗೂ ಬೀಳದವನು, ತಾನು ಸುಟ್ಟು ಸತ್ತು ಒಡೆಯನನ್ನು ಉಳಿಸುವವನು. ಯಾರವನು?"

"ನಿಮ್ಮ ಅಂಗರಕ್ಷಕ, ಮಹಾಪ್ರಭು!"

ತಪ್ಪು. ಭಟರು ಎಳೆದೊಯ್ದರು. ಸುಟ್ಟ ವಾಸನೆ ಬಂದಾಗ ಆಸ್ಥಾನದವರು ಮೂಗಿಗೆ ಅತ್ತರಿನ ಬಟ್ಟೆ ಹಿಡಿದು, ಮತ್ತೆ ಕೋಡುಬಳೆಗೆ ಕೈ ಹಾಕಿದರು.

ಎರಡನೆಯವ ಆಸ್ಥಾನ ಪಂಡಿತ. ಮೊದಲನೆಯದಕ್ಕೆ "ಫ್ಯೂಸು" ಎಂದು ಸರಿಯಾಗೇ ಹೇಳಿದ. ದೊರೆ ಮುಂದುವರಿಸಿದ: "ಒಂದೇ ಕುತ್ತಿಗೆ, ತಿರುಗಿಸಿದ ಕಡೆಗೊಂದು ಮಾತು. ತಪ್ಪು ಕಡೆಗೆ ತಿರುಗಿಸಿದರೆ ಹೊಗೆ. ಏನದು?"

"ಗೂಬೆ!"

ತಪ್ಪೆಂದು ತಿಳಿದದ್ದೇ ಪಂಡಿತ ಓಡಿಹೋಗಿ ಚಿನ್ನದ ಮೀಟರಿನ ಅಳೆಯುವ ಕಡ್ಡಿಗಳನ್ನು ತಂತಿಗೆ ಹಿಡಿದ. ಸೊನ್ನೆ ತೋರಿಸಿತು. "ಸತ್ತ ತಂತಿ!" ಎಂದು ನಗುತ್ತಲೇ ಎರಡೂ ಕೈಲಿ ಹಿಡಿದ. ಆ ನಗು ಅಲ್ಲಿಗೇ ನಿಂತಿತು.

"ಇವನೂ ಕುಡಿದಿದ್ದ ಅಂತ ಕಾಣುತ್ತೆ" ಎಂದ ದೊರೆ, ಎಲೆಯಡಿಕೆ ಉಗಿಯುತ್ತ.

ಅಣ್ಣ ಹೇಗೆ ಸತ್ತನೆಂದು ಕೆಂಚಮ್ಮನಿಗೆ ಆಗ ಗೊತ್ತಾಯಿತು. ಹೇಸಿಗೆಯಿಂದ ಮೈ ಉರಿಯಿತು. ಮುಂದೆ ಬಂದವಳೇ ಹೇಳಿದಳು: "ಮೊದಲನೇದು ಫ್ಯೂಸು ಬುದ್ಧಿ, ತಾನು ಸುಟ್ಕೊಂಡು ಮೀಟರು ಹಿಡಿದ ಕೈ ಉಳಿಸ್ತದೆ. ಎರಡನೇದು ಮೀಟರಿನ ತಿರುಗುಗುಂಡಿ. ಒಂದನ್ನ ಅಳೆಯೋವಾಗ ಗುಂಡೀನ ಇನ್ನೊಂದರ ಕಡೆ ತಿರುಗಿಸಿದ್ರೆ ಹೊಗೆ."

ದೊರೆಯ ಮುಖ ಸಣ್ಣದಾಯಿತು. "ಮೂರನೇದು ಕೇಳು. ಸತ್ತಿದೆ ಅಂತ ಮೀಟರು ಹೇಳಿದ ತಂತಿ ಮನುಷ್ಯನನ್ನು ಕೊಂದಿತು. ತಪ್ಪು ಯಾರದು?"

ಕುಡಿದವನದು ಎಂದು ಅವಳ ಬಾಯಲ್ಲೇ ಹೇಳಿಸುವ ಹುನ್ನಾರ. ಕೆಂಚಮ್ಮ ಚಿನ್ನದ ಮೀಟರನ್ನು ಉರಿಯುವ ದೀಪದ ಬುಡಕ್ಕೆ ಹಿಡಿದಳು. ಸೊನ್ನೆ. ಕರಿ ಮೀಟರು ಹಿಡಿದಳು. ಇನ್ನೂರ ಮೂವತ್ತು ವೋಲ್ಟು.

"ಸಂತೇಲಿ ನಾವು ಮೀಟರು ಆರಿಸೋದು ಹಿಂಗೆ. ಉರಿಯೋ ದೀಪಕ್ಕೆ ಮೊದ್ಲು ಹಿಡಿದು, ನಿಜ ಹೇಳ್ತದಾ ನೋಡ್ತೀವಿ. ಚಿನ್ನದ್ದರ ಕಡ್ಡಿಯೊಳಗೆ ತಂತಿನೇ ತುಂಡಾಗಿದೆ. ಅರಮನೆ ಸಾಮಾನು ಸುಳ್ಳು ಹೇಳಲ್ಲ ಅಂತ ನಮ್ಮಣ್ಣ ಮಾದಯ್ಯ ನಂಬಿದ್ದ, ಪಾಪ."

"ಸುಳ್ಳು! ಅವನು ಕುಡಿದಿದ್ದ!"

"ಹಂಗಾದ್ರೆ ನೋಡಿ ಬುದ್ಧಿ." ಅವಳು ಚಿನ್ನದ ಮೀಟರನ್ನು ಅಂಗಳದ ತಂತಿಗೆ ಹಿಡಿದಳು. "ಸೊನ್ನೆ ಅಂತದೆ ನಿಮ್ಮ ಮೀಟರು. ನೀವಂತೂ ಕುಡಿದಿಲ್ಲ. ಹಿಡೀರಿ."

ದೊರೆ ಎರಡೂ ಕೈಗಳನ್ನು ಶಾಲಿನೊಳಗೆ ಎಳೆದುಕೊಂಡ. ಅದನ್ನು ಇಡೀ ಅಂಗಳ ನೋಡಿತು. ಕೋಡುಬಳೆ ಕಡಿಯುವ ಸದ್ದೂ ನಿಂತಿತ್ತು.

"ತಪ್ಪು ಇದನ್ನ ಕೊಂಡವರದ್ದು" ಎಂದಳು ಕೆಂಚಮ್ಮ. "ನಾನು ಆರಿಸಿದ್ದು ಕರೀದು. ಈಗ ನನ್ನ ವರ."

ಅದೇ ಸಂಜೆ ಡಂಗುರದವನು ಮತ್ತೆ ಬೀದಿಗಿಳಿದ. ಕಾರ್ಖಾನೆಯ ಹೊಸ ಯಜಮಾನಿ ಕರಿ ಮೀಟರನ್ನು ಕಂಕುಳಲ್ಲಿ ಇರುಕಿಕೊಂಡು ಅವನ ಹಿಂದೆಯೇ ನಡೆದಳು. "ಕೇಳ್ರಪ್ಪೋ ಕೇಳ್ರಿ! ಮಾದಯ್ಯ ಕುಡಿದಿರಲಿಲ್ಲ! ದೊರೆಗಳು ಕೊಂಡ ಮೀಟರು ಸುಳ್ಳು ಹೇಳಿತು!" ಎಂದು ಅವನು ಕೇರಿ ಕೇರಿಯಲ್ಲೂ ಕೂಗಿದ. ಅರಮನೆಯ ಬಾಗಿಲಿಗೆ ಬಂದಾಗ ಮಾತ್ರ ಅವನ ದನಿ ಇಳಿಯಿತು.

"ಇನ್ನೂ ಜೋರಾಗಿ, ಅಣ್ಣ" ಎಂದಳು ಕೆಂಚಮ್ಮ.