ಕೂಗದವ್ವನ ಗುಡ್ಡ

ಹುಲಗಿನಾಳದ ಪೇಟೆ ದಾಟಿದರೆ ರಸ್ತೆಯ ಬಲಕ್ಕೆ ಒಂದು ಬೋಳು ಗುಡ್ಡ ಸಿಗುತ್ತದೆ. ಅದರ ಮೇಲೆ ಗುಡಿಯಿಲ್ಲ, ಕೋಟೆಯಿಲ್ಲ. ಬಂಡೆಗಳು ಒಂದಕ್ಕೊಂದು ಒರಗಿ ಉಂಟಾದ ಗವಿಯೊಂದಿದೆ, ಅಷ್ಟೆ. ಬಸ್ಸಿನ ಕಂಡಕ್ಟರು "ಕೂಗದವ್ವ, ಯಾರ್ರೀ ಕೂಗದವ್ವ, ಇಳೀರಿ" ಎನ್ನುವಾಗ ಪರಸ್ಥಳದವರು ಯಾವುದೋ ದೇವತೆ ಇರಬೇಕೆಂದು ಕೈಮುಗಿಯುವುದುಂಟು. ಅದು ತಪ್ಪು. ಕೂಗದವ್ವ ದೇವತೆಯಲ್ಲ, ನಮ್ಮೂರ ಸೊಸೆ. ಈ ಹೆಸರು ನಮ್ಮೂರಿಗೆ ಭೂಷಣವೂ ಅಲ್ಲ.

ಹಿಂದೆ ಒಮ್ಮೆ, ಈ ಸೀಮೆಯನ್ನು ದೇಸಾಯರು ಆಳುತ್ತಿದ್ದ ಕಾಲಕ್ಕೆ, ಊರಿನಲ್ಲಿ 'ಊರೊಟ್ಟು' ಎಂಬ ಏರ್ಪಾಡಿತ್ತು ಎನ್ನುತ್ತಾರೆ. ಮನೆಮನೆಯ ಹೆಂಗಸರು ಜೋಳ ಬೀಸಲು ಕೂರುವ ಮುನ್ನ ಒಂದು ಮುಷ್ಟಿ ತೆಗೆದಿಡುತ್ತಿದ್ದರು. ಅದು ಚಾವಡಿಯ ಹಗೇವಿಗೆ, ಅಂದರೆ ನೆಲದೊಳಗಿನ ಕಣಜಕ್ಕೆ ಸೇರುತ್ತಿತ್ತು. ಆ ಜೋಳದಿಂದ ದಾರಿಹೋಕರ ಅರವಟಿಗೆ ನಡೆಯುತ್ತಿತ್ತು, ಸೂಲಗಿತ್ತಿಯರ ಹೊಟ್ಟೆ ತುಂಬುತ್ತಿತ್ತು, ಅನಾಥರನ್ನು ಸಾಕುವ ಮಠಕ್ಕೆ ಪಾಲು ಹೋಗುತ್ತಿತ್ತು. ಸೂರು ಕಳೆದುಕೊಂಡವರಿಗೆಂದು ಗುಡ್ಡದ ಬುಡದಲ್ಲಿ ಮಣ್ಣಿನ ಮನೆಗಳ ಸಾಲನ್ನೂ ಊರೊಟ್ಟು ಕಟ್ಟಿಸಿತ್ತು. ಆದರೆ ಕೊಡುವುದಕ್ಕೊಂದು ಕಟ್ಟಳೆ. ಬೇಕಾದವರು ಸಂತೆಯ ದಿನ ಚಾವಡಿಯ ಮುಂದಿನ ಕಲ್ಲು ಹತ್ತಿ ತಮ್ಮ ಹೆಸರು, ಮನೆತನ, ಕೊರತೆ ಎಲ್ಲವನ್ನೂ ಸಂತೆಗೆಲ್ಲ ಕೇಳುವಂತೆ ಕೂಗಬೇಕು. ಹಿಂದೆ ಯಾರೋ ಒಬ್ಬ ಇದ್ದ ಮನೆಯನ್ನು ಮುಚ್ಚಿಟ್ಟು ಇನ್ನೊಂದನ್ನು ಪಡೆದಿದ್ದನಂತೆ. ಅಂಥ ಮೋಸ ತಡೆಯಲೆಂದೇ ಹಿರಿಯರು ಇದನ್ನು ಮಾಡಿದ್ದರು. ಉದ್ದೇಶ ಕೆಟ್ಟದ್ದಲ್ಲ. ಆದರೆ ಕೂಗಿದವರ ಮಾತನ್ನು ಸಂತೆ ತನ್ನ ಜೊತೆ ಊರೂರಿಗೆ ಒಯ್ಯುತ್ತಿತ್ತು. "ಏ, ಕಲ್ಲೇರಿದವನ ಮಗ" ಎಂದು ಅವರ ಮಕ್ಕಳನ್ನು ಕರೆಯುತ್ತಿದ್ದರು. ಆ ಮನೆತನಕ್ಕೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದರು.

ಒಂದು ವರ್ಷ ಹಿಂಗಾರಿಯ ಜಡಿಮಳೆಗೆ, ಕಂಬಳಿ ನೇಯುವ ನಿಂಬವ್ವನ ಮನೆ ಕುಸಿಯಿತು. ಗಂಡ ಕುರಿ ಹೊಡೆದುಕೊಂಡು ದೂರದ ಸೀಮೆಗೆ ಹೋಗಿದ್ದ. ಉಳಿದವರು ಆಕೆ ಮತ್ತು ಹಾಸಿಗೆ ಹಿಡಿದ ಅತ್ತೆ ಬಾಳವ್ವ. ಮುದುಕಿಗೆ ಎದೆಯಲ್ಲಿ ಕಫ ಕಟ್ಟಿತ್ತು. ಬೆಚ್ಚನೆಯ ಸೂರು ಸಿಗದಿದ್ದರೆ ಉಳಿಯುವಂತಿರಲಿಲ್ಲ. ಸಾಲಿನಲ್ಲಿ ಒಂದು ಮನೆ ಖಾಲಿಯೇ ಇತ್ತು. ನಿಂಬವ್ವ ಸಂತೆಯ ದಿನ ಚಾವಡಿಗೆ ಬಂದಳು, ಕಲ್ಲಿನ ಬಳಿ ನಿಂತಳು, ಹತ್ತಲಿಲ್ಲ.

"ಹತ್ತವ್ವ, ಹತ್ತು. ನಾಕು ಮಾತು ಕೂಗು, ಕೀಲಿ ತಗೊಂಡು ಹೋಗು," ಎಂದ ಊರೊಟ್ಟಿನ ಹಿರಿಯ ದ್ಯಾಮನಗೌಡ.

"ನನ್ನ ಮನಿ ಬಿದ್ದದ್ದು ಊರೆಲ್ಲಾ ನೋಡೇತ್ರಿ ಗೌಡ್ರ. ನೀವ ಬಂದು ತೊಲಿ ಸರಿಸೀರಿ. ಕಣ್ಣಿಲೆ ಕಂಡದ್ದನ್ನ ಮತ್ತ ನನ್ನ ಬಾಯಿಲೆ ಯಾಕ ಹೇಳಸ್ತೀರಿ?"

ಬಳೆ ಮಾರುವವನೊಬ್ಬ ನಕ್ಕ. "ಕಂಬಳಿ ಮಾರುವಾಗ ಓಣಿಗೆಲ್ಲಾ ಕೇಳೂ ದನಿ, ಇವತ್ತ ಎಲ್ಲಿ ಹೋತಬೇ?" ಸಂತೆ ಗೊಳ್ಳೆಂದಿತು.

"ಕಂಬಳಿ ನಾ ನೇದದ್ದೋ ಯಣ್ಣಾ, ಅದಕ್ಕ ಕೂಗತೀನಿ," ಎಂದಳು ನಿಂಬವ್ವ. "ಈ ಬಡತನಾ ನಾ ನೇದದ್ದಲ್ಲ."

ಗೌಡ ಕೆಟ್ಟವನಲ್ಲ. ಒಬ್ಬಳಿಗೆ ಸಡಿಲಿಸಿದರೆ ನಾಳೆ ಕಟ್ಟಳೆಯೇ ಉಳಿಯದೆಂದು ನಂಬಿದ್ದ. ಮುಂದಿನ ಸಂತೆಗೆ ತಾನಾಗಿ ಬರುತ್ತಾಳೆಂದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ನಿಂಬವ್ವ ಅತ್ತೆಯನ್ನು ಬೆನ್ನ ಮೇಲೆ ಹೊತ್ತು ಗುಡ್ಡದ ಗವಿ ಸೇರಿದಳು. ಕೆಳಗೆ ಖಾಲಿ ಮನೆ, ಮೇಲೆ ಗವಿಯ ಹೊಗೆ. ಎರಡನ್ನೂ ಊರು ದಿನವೂ ನೋಡಿತು. ಒಬ್ಬರೂ ಮೇಲೆ ಹೋಗಲಿಲ್ಲ. ಕಟ್ಟಳೆಯಿದೆಯಲ್ಲ ಎಂದು ಎಲ್ಲರಿಗೂ ಸಮಾಧಾನ. ಚಳಿಗಾಳಿ ಎದ್ದ ಒಂದು ಬೆಳಗ್ಗೆ ಹೊಗೆ ಕಾಣಲಿಲ್ಲ. ಗೌಡ ಕೀಲಿ ಹಿಡಿದು ಏದುಸಿರು ಬಿಡುತ್ತ ಹತ್ತಿ ಹೋದಾಗ ಬಾಳವ್ವನ ಮೈ ತಣ್ಣಗಾಗಿತ್ತು.

ನಿಂಬವ್ವ ಶಾಪ ಹಾಕಿದಳು, ಅದರಿಂದ ಹಗೇವು ಬರಿದಾಯಿತು ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಶಾಪದ ಕಥೆ ಕಟ್ಟಿದರೆ ತಪ್ಪಿನಲ್ಲಿ ಅರ್ಧ ಆಕೆಯ ಪಾಲಾಗುತ್ತದೆ; ಊರಿಗೆ ಅದು ಅನುಕೂಲ. ಆಕೆ ಗೌಡನ ಕೈಯಲ್ಲಿದ್ದ ಕೀಲಿಯನ್ನು ನೋಡಿ, ಅತ್ತೆಯ ಕಡೆ ಕೈ ತೋರಿಸಿ ಆಡಿದ್ದು ಇಷ್ಟೇ ಎನ್ನುತ್ತಾರೆ: "ಆ ಮನಿ ಗೋಡಿಗೆ ಮಣ್ಣು ತುಳಿದಾಕಿ ಇಕೀನ ರೀ ಗೌಡ್ರ. ಹರೇದಾಗ, ಕೂಲಿ ಇಲ್ಲದ, ಊರಿಗಂತ ತುಳಿದಾಕಿ. 'ನಾ ತುಳಿದ ಮಣ್ಣನ್ನ ಬೇಡಿ ತಗೋಬ್ಯಾಡ, ಕಲ್ಲು ಹತ್ತಬ್ಯಾಡ' ಅಂದಾಕಿನೂ ಇಕೀನ."

ಗಂಡ ಮರಳಿದ ಮೇಲೆ ನಿಂಬವ್ವ ಅವನೊಡನೆ ಊರು ಬಿಟ್ಟಳು. ಎಲ್ಲಿಗೆಂದು ಯಾರಿಗೂ ತಿಳಿಯದು. ಜನ ಗುಡ್ಡವನ್ನು ಬಾಳವ್ವನ ಗುಡ್ಡ ಎನ್ನತೊಡಗಿದ್ದರು. ಸತ್ತವರ ಹೆಸರಿಟ್ಟರೆ ಕಾರಣವನ್ನು ಯಾರೂ ಕೇಳುವುದಿಲ್ಲ. ತಡೆದವನು ಗೌಡನೇ. "ಹಂಗನಬ್ಯಾಡ್ರಿ. ಕೂಗದವ್ವನ ಗುಡ್ಡ ಅನ್ರಿ. ಯಾಕ ಕೂಗಲಿಲ್ಲ ಅಂತ ಬಂದವರು ಕೇಳ್ಲಿ, ನಾವು ತಲಿ ತಗ್ಗಿಸಿ ಹೇಳೂಣು," ಎಂದನಂತೆ. ಚಾವಡಿಯ ಕಲ್ಲನ್ನೂ ಆತನೇ ಕೀಳಿಸಿದ.

ಊರೊಟ್ಟು ಇಂದಿಗೂ ಇದೆ. ಈಗ ಅದು ನೋಂದಾಯಿತ ಸಂಸ್ಥೆ. ವೃದ್ಧಾಶ್ರಮಕ್ಕೆ, ಕಿವುಡ ಮಕ್ಕಳ ಶಾಲೆಗೆ, ಬಾಣಂತಿಯರನ್ನು ನೋಡಿಕೊಳ್ಳುವ ಮಹಿಳಾ ಸಂಘಕ್ಕೆ ನೆರವು ಕೊಡುತ್ತದೆ. ಮನೆಗಳ ಸಾಲು ಹಳತಾದಾಗಲೆಲ್ಲ ಕೆಡವಿ ಮತ್ತೆ ಕಟ್ಟಿಸಿದೆ. ನೋಡಬಂದವರಿಗೆ ಆ ಸಾಲು ವಿಚಿತ್ರವಾಗಿ ಕಾಣುತ್ತದೆ. ಬಾಗಿಲುಗಳೆಲ್ಲ ಗುಡ್ಡದ ಕಡೆಗೆ, ಊರಿನ ಕಡೆಗೆ ಒಂದು ಕಿಟಕಿಯೂ ಇಲ್ಲ. ಒಳಗೆ ಬಂದವರು ಯಾರು, ಏಕೆ ಬಂದರು ಎಂಬುದು ಊರಿನ ಕಣ್ಣಿಗೆ ಬೀಳಬಾರದೆಂದು ಗೌಡನ ಕಾಲದಲ್ಲೇ ಹೀಗೆ ತಿರುಗಿಸಿ ಕಟ್ಟಿದರಂತೆ. ನಾವು ಬೆಳಗ್ಗೆ ಎದ್ದು ನೋಡಿದರೆ ಕಾಣುವುದು ಉದ್ದಕ್ಕೂ ಬರೀ ಹಿಂಗೋಡೆ. ಈಚೆಗೆ ಒಬ್ಬ ಎಂಜಿನಿಯರು, ಅದರ ಮೇಲೆ ಚಿತ್ರ ಬರೆಸಿದರೆ ಊರಿಗೆ ಚೆಂದ ಕಾಣುತ್ತದೆ ಎಂದು ಸಲಹೆ ಕೊಟ್ಟ. ಬೇಡವೆಂದೆವು. ಆ ಗೋಡೆ ನಮಗೆ ಚೆಂದ ಕಾಣಬಾರದು.